ಸುಳ್ಳು ಗೆರೆ ಹಿಡಿದ ಲೈಮನ್ ಮತ್ತು ಮೊದಲ ಗೆಲಾಕ್ಸಿಗಳ ಬೆಳಕು

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದ ಯಾರನ್ನಾದರೂ ಕೇಳಿ ನೋಡಿ. ಲೈಮನ್, ಬಾಮರ್, ಪಾಶೆನ್, ಬ್ರಾಕೆಟ್, ಫಂಡ್ ಅಂತ ಐದು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಹೈಡ್ರೋಜನ್ ಪರಮಾಣು ಹೊರಸೂಸುವ ಬೆಳಕಿನ ಐದು ಶ್ರೇಣಿಗಳವು. ಮೊದಲನೆಯದು ಅತಿನೇರಳೆ ಭಾಗದಲ್ಲಿ, ಎರಡನೆಯದು ಕಣ್ಣಿಗೆ ಕಾಣುವ ಭಾಗದಲ್ಲಿ, ಉಳಿದ ಮೂರು ಅವಕೆಂಪಿನಲ್ಲಿ. ಸಿಇಟಿಗೆ ಇಷ್ಟು ಗೊತ್ತಿದ್ದರೆ ಸಾಕು. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದೂ ಇಂಥ ಬಾಯಿಪಾಠದ ಬಲದಿಂದಲೇ. ಆ ಐವರು ಯಾರು, ಯಾವ ಊರಿನವರು, ಯಾಕೆ ಆ ಬೆಳಕಿನ ಹಿಂದೆ ಬಿದ್ದರು ಅನ್ನೋದನ್ನು ಪಠ್ಯಪುಸ್ತಕ ಹೇಳಲ್ಲ, ಪರೀಕ್ಷೆ ಕೇಳಲ್ಲ.

ಆ ಪಟ್ಟಿಯ ಮೊದಲ ಹೆಸರು 2025ರ ಮಾರ್ಚ್‌ನಲ್ಲಿ ಮತ್ತೆ ಸುದ್ದಿಗೆ ಬಂತು. ಜೇಮ್ಸ್ ವೆಬ್ ದೂರದರ್ಶಕ ನೋಡಿದ ಒಂದು ಪುಟಾಣಿ ಗೆಲಾಕ್ಸಿಯಲ್ಲಿ ಲೈಮನ್-ಆಲ್ಫಾ ಅನ್ನುವ ಬೆಳಕು ಕಂಡಿದೆ ಎಂದು ಖಗೋಳ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಗೆಲಾಕ್ಸಿಗೆ ಜೇಡ್ಸ್-ಜಿಎಸ್-ಝಡ್13-1 ಅಂತ ಮೋಟಾರು ಗಾಡಿ ನಂಬರಿನಂಥ ಹೆಸರು. ಬ್ರಹ್ಮಾಂಡಕ್ಕೆ ಈಗ 1380 ಕೋಟಿ ವರ್ಷ. ಈ ಬೆಳಕು ಅಲ್ಲಿಂದ ಹೊರಟಾಗ ಬ್ರಹ್ಮಾಂಡದ ವಯಸ್ಸು ಕೇವಲ 33 ಕೋಟಿ ವರ್ಷ. ಅಷ್ಟು ಹಳೆಯ ಬೆಳಕಿಗೆ, ನಕ್ಷತ್ರಗಳನ್ನು ನೋಡುವುದು ತನ್ನ ಕಸುಬೇ ಅಲ್ಲದಿದ್ದ ಒಬ್ಬ ಅಮೆರಿಕನ್ ಪ್ರಯೋಗಾಲಯದ ಮೇಷ್ಟ್ರ ಹೆಸರು ಹೇಗೆ ಅಂಟಿಕೊಂಡಿತು? ಥಿಯೋಡೋರ್ ಲೈಮನ್ ಅವರ ಕತೆಯನ್ನು ಈ ಹೊತ್ತಿನಲ್ಲಿ ಹೇಳಬೇಕು ಅನ್ನಿಸಿದ್ದು ಅದಕ್ಕೆ.

ಒಂದು ಮೆಟ್ಟಿಲು ಇಳಿದಾಗ ಬರುವ ಬೆಳಕು

ಮೊದಲು ಆ ಬೆಳಕು ಏನು ಅಂತ ತಿಳಿದುಕೊಳ್ಳೋಣ. ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಅದು ಎಲ್ಲೆಂದರಲ್ಲಿ ಇರಲಾರದು. ಮನೆಯ ಮಹಡಿ ಮೆಟ್ಟಿಲುಗಳ ಹಾಗೆ ಅದಕ್ಕೆ ಗೊತ್ತಾದ ಹಂತಗಳಿವೆ. ಮೇಲಿನ ಹಂತದಿಂದ ಕೆಳಕ್ಕೆ ಇಳಿದಾಗ ಎರಡು ಹಂತಗಳ ನಡುವಿನ ಶಕ್ತಿ ಬೆಳಕಾಗಿ ಹೊರಬರುತ್ತದೆ. ಎರಡನೇ ಹಂತಕ್ಕೆ ಇಳಿದರೆ ಬರುವುದು ಬಾಮರ್ ಶ್ರೇಣಿ, ನಮ್ಮ ಕಣ್ಣಿಗೆ ಕಾಣುವ ಕೆಂಪು, ನೀಲಿ, ನೇರಳೆ ಗೆರೆಗಳು. ಎಲ್ಲಕ್ಕಿಂತ ಕೆಳಗಿನ ನೆಲಕ್ಕೇ ಇಳಿದರೆ ಬರುವುದು ಲೈಮನ್ ಶ್ರೇಣಿ. ಅದರಲ್ಲಿ ಎರಡನೇ ಹಂತದಿಂದ ಮೊದಲನೆಯದಕ್ಕೆ ಇಳಿದಾಗ ಹೊಮ್ಮುವ ಬೆಳಕೇ ಲೈಮನ್-ಆಲ್ಫಾ. ತರಂಗಾಂತರ 121.6 ನ್ಯಾನೋಮೀಟರ್.

ಬ್ರಹ್ಮಾಂಡದ ಸಾಮಾನ್ಯ ವಸ್ತುವಿನಲ್ಲಿ ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ಸುತ್ತಲಿನ ಹೈಡ್ರೋಜನ್ ಅನಿಲವನ್ನು ಒಡೆಯುತ್ತವೆ. ಒಡೆದ ಎಲೆಕ್ಟ್ರಾನ್ ಮತ್ತೆ ಪರಮಾಣುವಿಗೆ ಸೇರಿ ಒಂದೊಂದೇ ಮೆಟ್ಟಿಲು ಇಳಿಯುವಾಗ ಬಹುಪಾಲು ಸಲ ಕೊನೆಯ ಇಳಿತ ಇದೇ, ಎರಡರಿಂದ ಒಂದಕ್ಕೆ. ಹಾಗಾಗಿ ಎಳೆಯ ಗೆಲಾಕ್ಸಿ ಎಂದರೆ ಲೈಮನ್-ಆಲ್ಫಾ ಕಾರ್ಖಾನೆ.

ತೊಂದರೆ ಏನಂದರೆ ಈ ಬೆಳಕು ಮಹಾ ಮಡಿವಂತ. ಗಾಜನ್ನು ದಾಟಲ್ಲ. ಸ್ಫಟಿಕವನ್ನೂ ದಾಟಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಮಾರು ದೂರ ಕೂಡ ಹೋಗಲಾರದು, ಆಮ್ಲಜನಕವೂ ನೀರಾವಿಯೂ ನುಂಗಿಬಿಡುತ್ತವೆ. ಆ ಕಾಲದ ಫೋಟೋ ಪ್ಲೇಟಿನ ಮೇಲಿನ ಜೆಲಾಟಿನ್ ಪದರಕ್ಕೂ ಇದು ಆಹಾರ. ಅಂದರೆ 1900ರ ಹೊತ್ತಿನಲ್ಲಿ ಇದನ್ನು ನೋಡಬೇಕೆಂದರೆ ಕಣ್ಣು, ಗಾಜು, ಗಾಳಿ, ಪ್ಲೇಟು ಯಾವುದೂ ಕೆಲಸಕ್ಕೆ ಬರುವಂತಿರಲಿಲ್ಲ.

ಸುಳ್ಳು ಗೆರೆಗಳು

ಥಿಯೋಡೋರ್ ಲೈಮನ್ ಹುಟ್ಟಿದ್ದು 1874ರ ನವೆಂಬರ್ 23ರಂದು, ಬಾಸ್ಟನ್‌ನಲ್ಲಿ. ತಲೆಮಾರುಗಳಿಂದ ಅನುಕೂಲಸ್ಥ ಮನೆತನ. ಅದೇ ಹೆಸರಿನ ಅವರ ತಂದೆ ಪ್ರಾಣಿಶಾಸ್ತ್ರಜ್ಞರು, ಸಮುದ್ರದಡಿಯ ನಕ್ಷತ್ರಮೀನಿನ ಬಳಗದ ಜೀವಿಗಳನ್ನು ಅಧ್ಯಯನ ಮಾಡಿದವರು. ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಮೀಡ್ ಅವರ ಜೊತೆಗಿದ್ದು, ಮುಂದೆ ಅಮೆರಿಕದ ಸಂಸತ್ತಿಗೂ ಆಯ್ಕೆಯಾಗಿದ್ದವರು. ಮಗ ಓದಿದ್ದು ಹಾರ್ವರ್ಡ್‌ನಲ್ಲಿ. 1897ರಲ್ಲಿ ಪದವಿ, 1900ರಲ್ಲಿ ಪಿಎಚ್‌ಡಿ. ಗುರು ವ್ಯಾಲೇಸ್ ಸಬೀನ್. ಸಭಾಂಗಣದಲ್ಲಿ ಧ್ವನಿ ಹೇಗೆ ಕೇಳಿಸಬೇಕು ಅನ್ನುವ ವಿಜ್ಞಾನಕ್ಕೆ ಅಡಿಪಾಯ ಹಾಕಿದವರು ಅವರೇ. ಅವರ ಕೈಕೆಳಗೆ ಈ ಹುಡುಗ ಬೆಳಕಿನ ಕಡೆಗೆ ತಿರುಗಿದರು.

ಬೆಳಕನ್ನು ಬಿಡಿಸಿ ನೋಡಲು ಎರಡು ದಾರಿ ಇವೆ. ಒಂದು, ನಮಗೆಲ್ಲ ಗೊತ್ತಿರುವ ಪಟ್ಟಕ, ಅಂದರೆ ಪ್ರಿಸಂ. ಇನ್ನೊಂದು ಗ್ರೇಟಿಂಗ್. ಲೋಹದ ಕನ್ನಡಿಯ ಮೇಲೆ ವಜ್ರದ ಮೊನೆಯಿಂದ ಒತ್ತೊತ್ತಾಗಿ ಗೀರು ಎಳೆದರೆ ಆ ಗೀರುಗಳಿಂದ ಚದುರಿದ ಬೆಳಕು ಬಣ್ಣಬಣ್ಣವಾಗಿ ಬೇರ್ಪಡುತ್ತದೆ. ಸಿಡಿಯ ಹಿಂಬದಿ ಕಾಮನಬಿಲ್ಲು ಕಾಣಿಸುತ್ತದಲ್ಲ, ಅದೇ ತತ್ವ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ರೋಲೆಂಡ್ ಇಂಚೊಂದಕ್ಕೆ ಹದಿನಾಲ್ಕು-ಹದಿನೈದು ಸಾವಿರ ಗೀರುಗಳಿರುವ ಗ್ರೇಟಿಂಗ್‌ಗಳನ್ನು ಮಾಡುತ್ತಿದ್ದರು. ಜಗತ್ತಿನ ಪ್ರಯೋಗಾಲಯಗಳೆಲ್ಲ ಅವನ್ನೇ ತರಿಸಿಕೊಳ್ಳುತ್ತಿದ್ದವು. ಅದಕ್ಕಿಂತ ಒಳ್ಳೆಯದು ಇರಲಿಲ್ಲ.

ಲೈಮನ್ ಕೈಗೆ ಸಿಕ್ಕಿದ್ದೂ ರೋಲೆಂಡ್ ಗ್ರೇಟಿಂಗೇ. ಅತಿನೇರಳೆ ಭಾಗದಲ್ಲಿ ಪ್ಲೇಟಿನ ಮೇಲೆ ಗೆರೆಗಳು ಮೂಡಿದವು. ಇನ್ನಾರೂ ಅಳೆಯದ ಜಾಗದಲ್ಲಿ ಹೊಸ ಗೆರೆಗಳು! ಇಪ್ಪತ್ತೈದು-ಇಪ್ಪತ್ತಾರರ ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೇ? ಆದರೆ ಪರೀಕ್ಷೆ ಮಾಡುತ್ತಾ ಹೋದ ಹಾಗೆ ಅವುಗಳ ಬಣ್ಣ ಬಯಲಾಯಿತು. ಅವು ಅತಿನೇರಳೆ ಬೆಳಕೇ ಆಗಿರಲಿಲ್ಲ. ಗೀರು ಎಳೆಯುವ ಯಂತ್ರದ ತಿರುಪಿನಲ್ಲಿ ಇರುವ ಅತಿ ಸಣ್ಣ ದೋಷ ನಿಗದಿತ ಅಂತರದಲ್ಲಿ ಮರುಕಳಿಸುತ್ತದೆ. ಆ ದೋಷ ಗೀರುಗಳ ಸಾಲಿಗೂ ಇಳಿಯುತ್ತದೆ. ಅದರಿಂದಾಗಿ ಕಣ್ಣಿಗೆ ಕಾಣುವ ಮಾಮೂಲಿ ಬೆಳಕೇ ದಾರಿ ತಪ್ಪಿ, ತನ್ನದಲ್ಲದ ಜಾಗದಲ್ಲಿ ಬಂದು ಕೂರುತ್ತದೆ. ಇಂಥ ಸುಳ್ಳು ಗೆರೆಗಳಿಗೆ ಭೌತವಿಜ್ಞಾನಿಗಳು ಇಟ್ಟ ಹೆಸರು ಭೂತ.

ಅಸಲಿ ಗೆರೆಯ ಮಗ್ಗುಲಲ್ಲೇ ಕಾಣಿಸುವ ಭೂತಗಳು ಮೊದಲೇ ಗೊತ್ತಿದ್ದವು. ಲೈಮನ್ ಹಿಡಿದದ್ದು ಅಸಲಿಯಿಂದ ಬಹುದೂರ ಹೋಗಿ ಕೂರುವ ಜಾತಿಯವನ್ನು. ಮೋಸ ಹೋಗುವ ಸಾಧ್ಯತೆ ಹೆಚ್ಚಿರುವುದು ಇವುಗಳಲ್ಲೇ, ಏಕೆಂದರೆ ಹತ್ತಿರದಲ್ಲಿ ಸಂಶಯ ಹುಟ್ಟಿಸುವ ಮೂಲ ಗೆರೆ ಇರುವುದಿಲ್ಲ. 1901ರಿಂದ ಒಂದೆರಡು ವರ್ಷಗಳಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತಿಗೂ ದೃಗ್ವಿಜ್ಞಾನದ ಪುಸ್ತಕಗಳಲ್ಲಿ ಅವುಗಳ ಹೆಸರು ಲೈಮನ್ ಭೂತಗಳು ಅಂತಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಘಟ್ಟ. ಲೈಮನ್ ಶ್ರೇಣಿಗಿಂತ ಮೊದಲೇ ಅವರ ಹೆಸರು ವಿಜ್ಞಾನದಲ್ಲಿ ಉಳಿದದ್ದು ಸುಳ್ಳು ಶೋಧ ಯಾವುದು ಅಂತ ತೋರಿಸಿದ್ದಕ್ಕೆ. ಜಗತ್ತೇ ನಂಬಿದ್ದ ಉಪಕರಣವನ್ನೂ ತನ್ನದೇ ಪ್ಲೇಟನ್ನೂ ಒಟ್ಟಿಗೆ ಅನುಮಾನಿಸಿದ್ದಕ್ಕೆ. ಮುಂದಿನ ಇಡೀ ಬದುಕಿನ ಕೆಲಸ ಈ ಅಭ್ಯಾಸದ ಮೇಲೆ ನಿಂತಿದೆ.

ಗಾಳಿಯನ್ನೇ ಹೊರಹಾಕಿ

ಆಗ ಈ ಕ್ಷೇತ್ರದ ಹಿರಿಯ ಜರ್ಮನಿಯ ಲೈಪ್ಜಿಗ್ ನಗರದ ವಿಕ್ಟರ್ ಶೂಮನ್. ಅವರು ಪ್ರೊಫೆಸರ್ ಅಲ್ಲ, ಯಂತ್ರಗಳನ್ನು ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್. ವಯಸ್ಸು ಮಾಗಿದ ಮೇಲೆ ಸ್ವಂತ ಆಸಕ್ತಿಯಿಂದ ಬೆಳಕಿನ ಬೆನ್ನು ಹತ್ತಿದವರು. ಗಾಳಿ ಅಡ್ಡಿ ಮಾಡುತ್ತದೆ ಅಂತ ಇಡೀ ಉಪಕರಣವನ್ನು ಮುಚ್ಚಿ ನಿರ್ವಾತ ಮಾಡಿದರು. ಗಾಜು ಆಗಲ್ಲ ಅಂತ ಫ್ಲೋರೈಟ್ ಹರಳಿನ ಪಟ್ಟಕ ಬಳಸಿದರು. ಜೆಲಾಟಿನ್ ಆಗಲ್ಲ ಅಂತ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಂಥ ಪ್ಲೇಟುಗಳನ್ನು ತಾವೇ ತಯಾರಿಸಿದರು. ಬೆರಳು ತಾಗಿದರೆ ಹಾಳಾಗುವಷ್ಟು ನಾಜೂಕು. ಅದರಲ್ಲಿ ಹೈಡ್ರೋಜನ್‌ನ ನೂರಾರು ಹೊಸ ಗೆರೆಗಳು ಕಂಡವು.

ಆದರೆ ಆ ಗೆರೆಗಳ ತರಂಗಾಂತರ ಎಷ್ಟು? ಶೂಮನ್‌ಗೆ ಹೇಳಲು ಆಗಲಿಲ್ಲ. ಪಟ್ಟಕದಿಂದ ತರಂಗಾಂತರ ಅಳೆಯಬೇಕಾದರೆ ಆ ಹರಳು ಯಾವ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದು ಮೊದಲೇ ಗೊತ್ತಿರಬೇಕು. ಅಷ್ಟು ಕಿರಿದಾದ ತರಂಗಗಳಿಗೆ ಆ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಊರು ಕಂಡಿದೆ, ಎಷ್ಟನೇ ಮೈಲಿಗಲ್ಲು ಅಂತ ಗೊತ್ತಿಲ್ಲ, ಹಾಗೆ.

ಗ್ರೇಟಿಂಗ್‌ಗೆ ಈ ತಾಪತ್ರಯ ಇಲ್ಲ. ಗೀರುಗಳ ನಡುವಿನ ಅಂತರ ಮತ್ತು ಕೋನ ಗೊತ್ತಿದ್ದರೆ ತರಂಗಾಂತರ ನೇರವಾಗಿ ಲೆಕ್ಕಕ್ಕೆ ಸಿಗುತ್ತದೆ. ಅದೂ ಒಳಬಾಗಿದ ಗ್ರೇಟಿಂಗ್ ಆದರೆ ಬೆಳಕನ್ನು ಒಂದೆಡೆ ಕೂಡಿಸಲು ಮಸೂರವೂ ಬೇಡ. ಹಾಗಾದರೆ ಬೆಳಕಿನ ದಾರಿಯಲ್ಲಿ ನುಂಗುವ ವಸ್ತು ಒಂದು ಕಡಿಮೆ ಆಯಿತು. ಲೈಮನ್ ಮಾಡಿದ್ದು ಇದನ್ನೇ: ಶೂಮನ್‌ರ ನಿರ್ವಾತ, ಶೂಮನ್‌ರ ಪ್ಲೇಟು, ಅದರೊಳಗೆ ಪಟ್ಟಕದ ಬದಲು ಗ್ರೇಟಿಂಗ್. ಭೂತಗಳನ್ನು ಗುರುತಿಸುವುದು ಹೇಗೆ ಅಂತ ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ ಆಗಿದ್ದರಿಂದ ಗ್ರೇಟಿಂಗ್ ಬಳಸುವ ಧೈರ್ಯವೂ ಅವರಿಗೆ ಇತ್ತು.

ಹೇಳುವಷ್ಟು ಸುಲಭ ಅಲ್ಲ ಅದು. ಪ್ಲೇಟು ಇರುವುದು ನಿರ್ವಾತದ ಒಳಗೆ. ಪ್ಲೇಟು ಬದಲಿಸಬೇಕೆಂದರೆ ಗಾಳಿ ಒಳಬಿಡಬೇಕು, ಮತ್ತೆ ಮುಚ್ಚಬೇಕು, ಮತ್ತೆ ಪಂಪು ಹೊಡೆಯಬೇಕು. ಎಲ್ಲೋ ಒಂದು ಬೆಸುಗೆಯಲ್ಲಿ ಸೂಜಿಮೊನೆಯಷ್ಟು ಸೋರಿದರೂ ಇಡೀ ದಿನದ ಕೆಲಸ ನೀರುಪಾಲು. ಫ್ಲೋರೈಟ್ ಹರಳು ಕೂಡ 120 ನ್ಯಾನೋಮೀಟರ್ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗಬೇಕೆಂದರೆ ಕಿಟಕಿಯೇ ಇಲ್ಲದೆ ಬೆಳಕನ್ನು ಒಳಬಿಡಬೇಕು. ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಿರ್ವಾತ ಪಂಪಿನ ಜೊತೆ ಅರ್ಧ ದಿನ ಕಳೆದವರಿಗೆ ಇದರ ಗೋಳು ಅರ್ಥವಾದೀತು. ಲೈಮನ್ ಇದನ್ನು ವರ್ಷಗಟ್ಟಲೆ ಮಾಡಿದರು. 1906ರಲ್ಲಿ ಅತಿ ಕಿರಿದಾದ ತರಂಗಾಂತರಗಳಲ್ಲಿ ಹೈಡ್ರೋಜನ್‌ನ ರೋಹಿತವನ್ನು ಅಳತೆ ಸಮೇತ ಪ್ರಕಟಿಸಿದರು. ಶೂಮನ್ ಕಂಡ ಊರಿಗೆ ಮೈಲಿಗಲ್ಲು ನೆಟ್ಟಂತಾಯಿತು.

ಎಂಟು ವರ್ಷದ ನಂತರ ಬಂದ ಅರ್ಥ

ಆ ಪ್ಲೇಟಿನಲ್ಲಿ ಗೆರೆಗಳ ಜಾತ್ರೆಯೇ ಇತ್ತು. ಬಹುಪಾಲು ಗೆರೆಗಳು ಎರಡು ಪರಮಾಣು ಕೂಡಿದ ಹೈಡ್ರೋಜನ್ ಅಣುವಿನವು. ಒಂಟಿ ಪರಮಾಣುವಿನ ಗೆರೆ ಆ ಗುಂಪಿನಲ್ಲಿ ಅಡಗಿತ್ತು. ಅದಕ್ಕೆ ವಿಶೇಷ ಅರ್ಥ ಇದೆ ಅಂತ ಆಗ ಹೇಳುವಂತಿರಲಿಲ್ಲ.

ಅರ್ಥ ಬಂದದ್ದು ಬೇರೆ ಕಡೆಯಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಶಾಲಾ ಮೇಷ್ಟ್ರು ಯೋಹಾನ್ ಬಾಮರ್ 1885ರಲ್ಲೇ ಹೈಡ್ರೋಜನ್‌ನ ಕಣ್ಣಿಗೆ ಕಾಣುವ ಗೆರೆಗಳಿಗೆ ಒಂದು ಸರಳ ಸೂತ್ರ ಕೊಟ್ಟಿದ್ದರು. ಅದೇ ಸೂತ್ರವನ್ನು ಹಿಗ್ಗಿಸಿದರೆ ಅತಿನೇರಳೆಯಲ್ಲೂ ಒಂದು ಶ್ರೇಣಿ ಇರಬೇಕು ಅಂತ 1908ರಲ್ಲಿ ವಾಲ್ಟರ್ ರಿಟ್ಜ್ ಅವರ ವಿಚಾರದಿಂದ ಗೊತ್ತಾಯಿತು. 1913ರಲ್ಲಿ ನೀಲ್ಸ್ ಬೋರ್ ತಮ್ಮ ಪರಮಾಣು ಮಾದರಿಯನ್ನು ಮುಂದಿಟ್ಟಾಗ ಈ ಶ್ರೇಣಿ ಇರಲೇಬೇಕು, ಇನ್ನೂ ಕಂಡಿಲ್ಲ ಅಷ್ಟೇ ಎಂಬ ಮಾತು ಅವರ ಪ್ರಬಂಧದಲ್ಲೇ ಇತ್ತು.

ಲೈಮನ್ ಸಿದ್ಧಾಂತ ಕಟ್ಟುವವರಲ್ಲ, ಅಳೆಯುವವರು. 1914ರಲ್ಲಿ ಅವರು ಆ ಶ್ರೇಣಿಯ ಮೊದಲ ಗೆರೆಗಳನ್ನು ಗುರುತಿಸಿ ಪ್ರಕಟಿಸಿದರು. ಸೂತ್ರ ಹೇಳಿದ್ದು 121.6, 102.6, 97.3. ಪ್ಲೇಟು ಹೇಳಿದ್ದೂ ಅದನ್ನೇ. ಅದೇ ವರ್ಷ ಈ ಕ್ಷೇತ್ರದ ಕೈಪಿಡಿಯಾಗಿ ಅತಿನೇರಳೆ ರೋಹಿತದ ಬಗ್ಗೆ ಪುಸ್ತಕವನ್ನೂ ಹೊರತಂದರು. ಕ್ವಾಂಟಂ ಸಿದ್ಧಾಂತ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಬೋರ್ ಮಾದರಿಯನ್ನು ನಂಬಲು ಅನೇಕರು ಹಿಂದೆಮುಂದೆ ನೋಡುತ್ತಿದ್ದಾಗ ಈ ಮೂರು ಅಂಕಿಗಳು ಅದಕ್ಕೆ ಆಸರೆಯಾದವು. ಹದಿಮೂರು ವರ್ಷ ಮೊದಲು ಸುಳ್ಳು ಗೆರೆಗಳನ್ನು ತಾವೇ ಹೊರಹಾಕಿದ್ದ ವ್ಯಕ್ತಿ ಇದು ಅಸಲಿ ಅಂದಾಗ ಆ ಮಾತಿಗೆ ತೂಕ ಇತ್ತು.

ಸಮಯ ಕೊಂಡುಕೊಳ್ಳಬಲ್ಲವರು

ಒಂದು ವಿಷಯ ಇಲ್ಲಿ ಮುಚ್ಚಿಡಬಾರದು. ಇಷ್ಟು ವರ್ಷ ಒಂದು ಹಿತ್ತಾಳೆಯ ಕೊಳವೆಯ ಮುಂದೆ ಕೂರಲು ಲೈಮನ್ ಅವರಿಗೆ ಸಾಧ್ಯವಾಗಿದ್ದು ತಾಳ್ಮೆಯಿಂದ ಮಾತ್ರ ಅಲ್ಲ. ಅವರಿಗೆ ದುಡ್ಡಿನ ಚಿಂತೆ ಇರಲಿಲ್ಲ. 1912ರಲ್ಲಿ, ಅಂದರೆ ಹೈಡ್ರೋಜನ್ ಕೆಲಸದ ನಟ್ಟನಡುವೆ, ಅವರು ಸೈಬೀರಿಯಾ-ಮಂಗೋಲಿಯಾ ಗಡಿಯ ಅಲ್ತಾಯ್ ಪರ್ವತಗಳಿಗೆ ಪ್ರಾಣಿ ಸಂಗ್ರಹದ ಯಾತ್ರೆ ಹೊರಟರು. ಸ್ಮಿತ್ಸೋನಿಯನ್ ಸಂಸ್ಥೆಯ ನೆಡ್ ಹಾಲಿಸ್ಟರ್ ಜೊತೆಗಿದ್ದರು, ಖರ್ಚು ಲೈಮನ್ ಅವರದು. ಅಪ್ಪನ ಪ್ರಾಣಿಶಾಸ್ತ್ರದ ಹುಚ್ಚು ಮಗನಲ್ಲೂ ಇತ್ತು ಅನ್ನಿ. ಕೆಲಸ ಕಳೆದುಕೊಳ್ಳುವ ಭಯ ಇರುವವರು ಹೀಗೆ ತಿಂಗಳುಗಟ್ಟಲೆ ಬೆಟ್ಟ ಹತ್ತಲು ಹೋಗಲ್ಲ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಕ್ಯಾಪ್ಟನ್ ಆಗಿ ಫ್ರಾನ್ಸ್‌ನಲ್ಲಿ ದುಡಿದು ಮರಳಿದ ಅವರು ಮತ್ತೆ ಅದೇ ಅತಿನೇರಳೆಗೆ ಬಂದರು. ಹಾರ್ವರ್ಡ್‌ನ ಜೆಫರ್ಸನ್ ಭೌತ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. 1727ರಲ್ಲಿ ಶುರುವಾದ ಹಾಲಿಸ್ ಪೀಠಕ್ಕೆ 1921ರಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದ ಭೌತವಿಜ್ಞಾನ ಸಂಘದ ಅಧ್ಯಕ್ಷರಾದರು. ರಮ್‌ಫೋರ್ಡ್ ಪದಕ ಬಂತು. ನೊಬೆಲ್ ಬರಲಿಲ್ಲ. ಐವತ್ತು ದಾಟುವ ಹೊತ್ತಿಗೆ ಪಾಠ ಹೇಳುವ ಹುದ್ದೆಯನ್ನೂ ಬಿಟ್ಟರು.

1952ರ ಡಿಸೆಂಬರ್‌ನಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ತಂಡ ರಾಕೆಟ್ ಒಂದರಲ್ಲಿ ಕ್ಯಾಮೆರಾ ಕಳಿಸಿ, ವಾತಾವರಣದ ಮೇಲಿನಿಂದ ಸೂರ್ಯನ ಲೈಮನ್-ಆಲ್ಫಾ ಗೆರೆಯ ಫೋಟೋ ತೆಗೆಯಿತು. ಗಾಳಿ ಇಲ್ಲದ ಕಡೆ ಮಾತ್ರ ಕಾಣುವ ಬೆಳಕನ್ನು ನೋಡಲು ಮನುಷ್ಯ ಕೊನೆಗೂ ಗಾಳಿಯ ಮೇಲಕ್ಕೆ ಹೋದ. ಲೈಮನ್ ಆಗ ಇನ್ನೂ ಬದುಕಿದ್ದರು. 1954ರ ಅಕ್ಟೋಬರ್ 11ರಂದು, ಎಂಬತ್ತಕ್ಕೆ ಒಂದು ತಿಂಗಳು ಚಿಲ್ಲರೆ ಬಾಕಿ ಇದ್ದಾಗ ತೀರಿಕೊಂಡರು. ಅಷ್ಟರಲ್ಲಿ ಅವರ ಗೆರೆ ಸೂರ್ಯನವರೆಗೆ ಹೋಗಿತ್ತು. ಗೆಲಾಕ್ಸಿಗಳು ಇನ್ನೂ ಬಾಕಿ.

ಹಿಗ್ಗಿದ ಬೆಳಕು

ಬ್ರಹ್ಮಾಂಡ ಹಿಗ್ಗುತ್ತಿದೆ. ಹಿಗ್ಗುವಾಗ ಅದರೊಳಗೆ ಪ್ರಯಾಣ ಮಾಡುತ್ತಿರುವ ಬೆಳಕಿನ ತರಂಗಾಂತರವೂ ಹಿಗ್ಗುತ್ತದೆ. ದೂರದಿಂದ ಬಂದಷ್ಟೂ ಹೆಚ್ಚು ಹಿಗ್ಗು. ಹಾಗಾಗಿ ಸಾಕಷ್ಟು ದೂರದಿಂದ ಹೊರಟ ಲೈಮನ್-ಆಲ್ಫಾ ನಮ್ಮ ಹತ್ತಿರ ಬರುವಷ್ಟರಲ್ಲಿ ಅತಿನೇರಳೆಯಾಗಿ ಉಳಿದಿರುವುದಿಲ್ಲ. ಗಾಳಿ ಅದನ್ನು ನುಂಗಲಾರದು.

1965ರಲ್ಲಿ ಮಾರ್ಟೆನ್ ಷ್ಮಿಟ್ ಇದನ್ನು ಕಣ್ಣಾರೆ ಕಂಡರು. 3ಸಿ 9 ಎಂಬ ಕ್ವೇಸಾರ್‌ನಿಂದ ಬಂದ ಲೈಮನ್-ಆಲ್ಫಾ ಮೂರು ಪಟ್ಟು ಹಿಗ್ಗಿ 366 ನ್ಯಾನೋಮೀಟರ್ ಆಗಿತ್ತು. ನೆಲದ ಮೇಲಿನ ದೂರದರ್ಶಕಕ್ಕೇ ಸಿಕ್ಕಿತು. ಲೈಮನ್ ತಮ್ಮ ಕೊಳವೆಯಿಂದ ಗಾಳಿ ತೆಗೆಯಲು ಪಟ್ಟ ಪಾಡನ್ನು ಇಲ್ಲಿ ದೂರವೇ ತಪ್ಪಿಸಿಕೊಟ್ಟಿತ್ತು.

1967ರಲ್ಲಿ ಪ್ರಿನ್ಸ್‌ಟನ್‌ನ ಬ್ರೂಸ್ ಪಾರ್ಟ್ರಿಜ್ ಮತ್ತು ಜಿಮ್ ಪೀಬಲ್ಸ್ ಒಂದು ಲೆಕ್ಕ ಹಾಕಿದರು. ಆಗತಾನೇ ಹುಟ್ಟಿದ ಗೆಲಾಕ್ಸಿಗಳು ಲೈಮನ್-ಆಲ್ಫಾದಲ್ಲಿ ಜೋರಾಗಿ ಹೊಳೆಯಬೇಕು, ಹುಡುಕಿದರೆ ಸಿಗಬೇಕು ಅನ್ನುವುದು ಆ ಲೆಕ್ಕದ ಸಾರ. ಜನ ಹುಡುಕಿದರು. ಸುಮಾರು ಮೂರು ದಶಕ ನಿರಾಸೆ. ಈ ಬೆಳಕು ಮಾಮೂಲಿ ಹೈಡ್ರೋಜನ್‌ಗೆ ಬಡಿದರೆ ಅದು ನುಂಗಿ ಮತ್ತೆ ಬೇರೆ ದಿಕ್ಕಿಗೆ ಉಗುಳುತ್ತದೆ. ಹೀಗೆ ಗೆಲಾಕ್ಸಿಯೊಳಗೇ ಸಾವಿರಾರು ಸಲ ಅಲೆದಾಡುವಾಗ ಧೂಳು ಸಿಕ್ಕರೆ ಮುಗಿಯಿತು, ಅಲ್ಲೇ ಸಮಾಧಿ. 1990ರ ದಶಕದ ಕೊನೆಗೆ ಹವಾಯಿಯ ಕೆಕ್‌ನಂಥ ದೈತ್ಯ ದೂರದರ್ಶಕಗಳು ಬಂದ ಮೇಲಷ್ಟೇ ಇಂಥ ಗೆಲಾಕ್ಸಿಗಳು ಒಂದೊಂದಾಗಿ ಸಿಗಲು ಶುರುವಾದವು.

ಈ ಅಡೆತಡೆಯೇ ಈಗ ಅಳತೆಗೋಲು. ಬ್ರಹ್ಮಾಂಡದ ಬಾಲ್ಯದಲ್ಲಿ ಗೆಲಾಕ್ಸಿಗಳ ನಡುವಿನ ಜಾಗದಲ್ಲೆಲ್ಲ ಮಾಮೂಲಿ ಹೈಡ್ರೋಜನ್ ಮಂಜಿನಂತೆ ಕವಿದಿತ್ತು. ಮೊದಲ ನಕ್ಷತ್ರಗಳ ಅತಿನೇರಳೆ ಬೆಳಕು ಆ ಪರಮಾಣುಗಳನ್ನು ಒಡೆದು, ಸುಮಾರು ನೂರು ಕೋಟಿ ವರ್ಷಗಳ ಹೊತ್ತಿಗೆ ಮಂಜನ್ನು ಕರಗಿಸಿತು. ಯಾವ ಕಾಲದ ಗೆಲಾಕ್ಸಿಯಿಂದ ಎಷ್ಟು ಲೈಮನ್-ಆಲ್ಫಾ ನಮ್ಮನ್ನು ತಲುಪುತ್ತಿದೆ ಅಂತ ನೋಡಿದರೆ ಮಂಜು ಯಾವಾಗ, ಎಲ್ಲಿ ಕರಗಿತು ಅಂತ ತಿಳಿಯುತ್ತದೆ. ಮೊದಲು ಹೇಳಿದ ಝಡ್13-1 ಗೆಲಾಕ್ಸಿ ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿದ್ದು ಇದಕ್ಕೇ. ಅದರ ಬೆಳಕು ಹದಿನಾಲ್ಕು ಪಟ್ಟು ಹಿಗ್ಗಿ ಅವಕೆಂಪಿನಲ್ಲಿ 1700 ನ್ಯಾನೋಮೀಟರ್ ಆಸುಪಾಸಿಗೆ ಬಂದಿತ್ತು. ಮಂಜು ಇನ್ನೂ ದಟ್ಟವಾಗಿರಬೇಕಿದ್ದ ಕಾಲದಲ್ಲಿ ಅದು ಹೊರಬಂದದ್ದಾದರೂ ಹೇಗೆ? ಆ ಗೆಲಾಕ್ಸಿ ತನ್ನ ಸುತ್ತ ಮಂಜನ್ನು ಒಡೆದು ದೊಡ್ಡ ಬಯಲು ಮಾಡಿಕೊಂಡಿರಬೇಕು. ಅಷ್ಟು ಶಕ್ತಿ ಕೊಟ್ಟದ್ದು ದೈತ್ಯ ನಕ್ಷತ್ರಗಳೋ, ಕಪ್ಪುಕುಳಿಯೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಇವತ್ತಿನ ಭೂತಗಳು

ನೂರಿಪ್ಪತ್ತು ವರ್ಷ ಕಳೆದರೂ ಭೂತಗಳು ಹೋಗಿಲ್ಲ, ವೇಷ ಬದಲಿಸಿವೆ. 2022ರ ಜುಲೈನಲ್ಲಿ ವೆಬ್‌ನ ಮೊದಲ ಚಿತ್ರಗಳು ಹೊರಬಿದ್ದ ಕೆಲವೇ ವಾರಗಳಲ್ಲಿ ಅತಿ ದೂರದ ಗೆಲಾಕ್ಸಿಗಳ ಪಟ್ಟಿಯ ಮೇಲೆ ಪಟ್ಟಿ ಬಂದವು. ಮಹಾಸ್ಫೋಟ ಸಿದ್ಧಾಂತವೇ ಬಿದ್ದುಹೋಯಿತು ಅನ್ನುವ ಪೋಸ್ಟುಗಳು ವಾಟ್ಸಾಪ್‌ನಲ್ಲಿ ಓಡಾಡಿದವು. ಆ ಪಟ್ಟಿಯಲ್ಲಿ ಸಿಯರ್ಸ್-93316 ಎಂಬ ಗೆಲಾಕ್ಸಿ ಇತ್ತು. ಬಣ್ಣದ ಲೆಕ್ಕದಲ್ಲಿ ಅದು ಮಹಾಸ್ಫೋಟದ ನಂತರದ 24 ಕೋಟಿ ವರ್ಷಗಳಷ್ಟು ಹಳೆಯ ಕಾಲದ್ದು ಅನ್ನಿಸಿತ್ತು. 2023ರಲ್ಲಿ ಅದರ ಬೆಳಕನ್ನು ಬಿಡಿಸಿ ರೋಹಿತ ತೆಗೆದಾಗ ಗೊತ್ತಾಯಿತು, ಅದು ಸುಮಾರು 120 ಕೋಟಿ ವರ್ಷಗಳ ಕಾಲದ್ದು. ಧೂಳಿನಿಂದ ಕೆಂಪಾದ, ಹೈಡ್ರೋಜನ್ ಮತ್ತು ಆಮ್ಲಜನಕದ ಪ್ರಬಲ ಗೆರೆಗಳಿದ್ದ ನಡುವಯಸ್ಸಿನ ಗೆಲಾಕ್ಸಿಯೊಂದು ಅತಿ ಎಳೆಯದರ ವೇಷ ಹಾಕಿತ್ತು. ಒಂದು ಬೆಳಕು ತನ್ನದಲ್ಲದ ಜಾಗದಲ್ಲಿ ಬಂದು ಕೂತಿತ್ತು, ಲೈಮನ್ ಪ್ಲೇಟಿನಲ್ಲಿ ಆದ ಹಾಗೆಯೇ. ಖಗೋಳ ವಿಜ್ಞಾನಿಗಳು ಇದನ್ನು ತಾವೇ ಪತ್ತೆಹಚ್ಚಿ ತಾವೇ ಪ್ರಕಟಿಸಿದರು. ಅದೇ ಕೆಲಸದಲ್ಲಿ ಇನ್ನೊಂದು ಗೆಲಾಕ್ಸಿ ನಿಜಕ್ಕೂ ಬಲು ಹಳೆಯದು ಅಂತ ಖಚಿತವೂ ಆಯಿತು. ಮೊದಲ ಸುದ್ದಿ ಹೋದ ಕಡೆಗೆಲ್ಲ ಈ ಎರಡನೇ ಸುದ್ದಿ ಹೋಗಲಿಲ್ಲ. ಅದು ನಮ್ಮ ಕಸುಬಿನವರ ಲೆಕ್ಕಕ್ಕೆ ಸೇರಬೇಕಾದ್ದು.

ನಮ್ಮ ಹತ್ತಿರದ ಉದಾಹರಣೆಯೂ ಇದೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಕಟ್ಟುವ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಜೋಡಣೆ ಆದದ್ದು ಹೊಸಕೋಟೆಯ ಅದರ ಪ್ರಯೋಗಾಲಯದಲ್ಲಿ. ಲೈಮನ್ ಶ್ರೇಣಿಗೆ 91.2 ನ್ಯಾನೋಮೀಟರ್‌ನಲ್ಲಿ ಒಂದು ಗಡಿ ಇದೆ. ಅದಕ್ಕಿಂತ ಕಿರಿದಾದ ಬೆಳಕು ಹೈಡ್ರೋಜನ್ ಪರಮಾಣುವನ್ನೇ ಒಡೆಯುತ್ತದೆ. ಮಂಜು ಕರಗಿಸಿದ್ದು ಇದೇ ಬೆಳಕು. ಇಂಥ ಬೆಳಕು 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಿಂದ ಹೊರಸೋರುತ್ತಿರುವುದನ್ನು ಆಸ್ಟ್ರೋಸ್ಯಾಟ್ 2016ರ ಅಕ್ಟೋಬರ್‌ನಲ್ಲಿ 28 ಗಂಟೆಗೂ ಹೆಚ್ಚು ಕಾಲ ನೋಡಿತು. ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ನೇತೃತ್ವದ ತಂಡ ಇದನ್ನು ಪ್ರಕಟಿಸಿದ್ದು 2020ರಲ್ಲಿ. ಆ ಬೆಳಕು ನಿಜಕ್ಕೂ ಆ ಗೆಲಾಕ್ಸಿಯದ್ದೇ, ಉಪಕರಣದ ಗದ್ದಲವಲ್ಲ ಅಂತ ಖಾತ್ರಿಪಡಿಸಿಕೊಳ್ಳಲಿಕ್ಕೇ ಸುಮಾರು ಎರಡು ವರ್ಷ ಹಿಡಿದಿತ್ತು.

28 ಗಂಟೆ ನೋಡಿದ್ದಕ್ಕೆ ಎರಡು ವರ್ಷದ ಅನುಮಾನ. ಆ ಎರಡು ವರ್ಷಕ್ಕೆ ದುಡ್ಡು ಕೊಡುವವರು ಯಾರು? ಲೈಮನ್‌ಗೆ ಅಪ್ಪ ಅಜ್ಜಂದಿರ ಆಸ್ತಿ ಇತ್ತು. ತನ್ನದೇ ಶೋಧವನ್ನು ಸುಳ್ಳು ಅಂತ ಹೇಳಿ ಮತ್ತೆ ಸೊನ್ನೆಯಿಂದ ಶುರುಮಾಡುವ ಸವಲತ್ತು ಅವರಿಗೆ ಇತ್ತು. ನಮ್ಮ ದೇಶದಲ್ಲಿ 2020-21ರಲ್ಲಿ ಸಂಶೋಧನೆಗೆ ಖರ್ಚಾದದ್ದು ಜಿಡಿಪಿಯ ಶೇ. 0.64. ಕಿರಿಯ ಸಂಶೋಧಕರಿಗೆ ಫೆಲೋಶಿಪ್ ಶುರುವಾಗುವುದು ತಿಂಗಳಿಗೆ 37 ಸಾವಿರ ರೂಪಾಯಿಯಿಂದ, ಒಟ್ಟು ಅವಧಿ ಐದು ವರ್ಷ. ಅದನ್ನು ಅಷ್ಟಕ್ಕೆ ಏರಿಸುವುದಕ್ಕೇ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ಅಷ್ಟರೊಳಗೆ ಇಂತಿಷ್ಟು ಪ್ರಬಂಧ ಬರಬೇಕು. ಮನೆಯಿಂದ ಹಣ ತರಿಸಿಕೊಳ್ಳಲಾಗದ, ಹಳ್ಳಿಯ ಸರ್ಕಾರಿ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳ ಪ್ಲೇಟಿನಲ್ಲಿ ಹೊಸ ಗೆರೆ ಮೂಡಿತು ಅಂದುಕೊಳ್ಳಿ. ಅದು ಭೂತ ಇರಬಹುದು ಅಂತ ಒಂದು ವರ್ಷ ಕೂತು ನೋಡಲು ಅವಳಿಗೆ ವ್ಯವಸ್ಥೆ ಬಿಡುತ್ತದೆಯೇ?

ಅನುಮಾನಿಸಲು ಸಮಯ ಬೇಕು, ಸಮಯಕ್ಕೆ ಸಂಬಳ ಬೇಕು. ಲೈಮನ್ ಕಾಲದಲ್ಲಿ ಅದು ಕೆಲವು ಮನೆತನಗಳ ಸ್ವತ್ತಾಗಿತ್ತು. ಈಗ ಅದನ್ನು ಕೊಡಬೇಕಾದದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟುವ ನಾವು. ಸಾಯುವವರೆಗೂ ಯಾವ ಗೆಲಾಕ್ಸಿಯಲ್ಲೂ ತನ್ನ ಗೆರೆಯನ್ನು ಕಾಣದ ಮನುಷ್ಯನಿಂದ ಇಂದು ಗೆಲಾಕ್ಸಿಗಳ ವಯಸ್ಸು ಅಳೆಯುತ್ತಿದ್ದೇವೆ. ಉಪಯೋಗ ಏನು ಅಂತ 1906ರಲ್ಲಿ ಕೇಳಿದ್ದರೆ ಅವರ ಹತ್ತಿರ ಇದ್ದ ಉತ್ತರ ಒಂದು ಪ್ಲೇಟು, ಅದರ ಮೇಲೊಂದಿಷ್ಟು ಗೆರೆ, ಪ್ರತಿ ಗೆರೆಯ ಪಕ್ಕ ಅಳೆದ ಸಂಖ್ಯೆ, ಇಷ್ಟೇ.

ಮುಂದಿನ ಸಲ ಬ್ರಹ್ಮಾಂಡದ ಅತಿ ಹಳೆಯ ಗೆಲಾಕ್ಸಿ ಸಿಕ್ಕಿತು ಅನ್ನುವ ಸುದ್ದಿ ನಿಮ್ಮ ಮೊಬೈಲಿಗೆ ಬಂದಾಗ, ಹಂಚುವ ಮೊದಲು ಒಂದು ಪ್ರಶ್ನೆ ಕೇಳಿ: ರೋಹಿತ ತೆಗೆದಿದ್ದಾರಾ? ತೆಗೆದಿದ್ದರೆ ಅದರಲ್ಲಿ ಲೈಮನ್ ಹೆಸರು ಎಲ್ಲೋ ಇದ್ದೇ ಇರುತ್ತದೆ. ತೆಗೆದಿಲ್ಲವಾದರೆ ಸ್ವಲ್ಪ ಕಾಯಿರಿ.